ಥರ್ಮೋಕೋಲ್ ಹಾಳೆಯಿಂದ ರೆಕ್ಕೆದೋಣಿ: ಜಗಲಿಯಿಂದ ಗಜನಿ ನೀರಿನವರೆಗೆ

ಅಘನಾಶಿನಿ ಹೊಳೆಯ ದಡದಲ್ಲಿ ಬೆಳಿಗ್ಗೆ ಆರೂವರೆಗೆ ನಿಂತರೆ ನೀರುಕಾಗೆಗಳು ಸಾಲಾಗಿ ಹೋಗುವುದು ಕಾಣುತ್ತದೆ. ಮೇಲೆ ಇಡೀ ಆಕಾಶ ಖಾಲಿ ಬಿದ್ದಿರುತ್ತದೆ. ಆದರೂ ಅವು ನೀರಿಗೆ ಒಂದು ಗೇಣು ಬಿಟ್ಟು ಹಾರುತ್ತವೆ. ರೆಕ್ಕೆಯ ತುದಿ ಈಗ ತಾಗಿತು, ಈಗ ತಾಗಿತು ಅನ್ನಿಸುತ್ತದೆ, ತಾಗುವುದಿಲ್ಲ. ನಡುನಡುವೆ ರೆಕ್ಕೆ ಬಡಿಯುವುದನ್ನೂ ಬಿಟ್ಟು ಸುಮ್ನೆ ಜಾರಿಕೊಂಡು ಹೋಗುತ್ತವೆ. ನೀರಿನ ಹತ್ತಿರ ಹಾರಿದರೆ ಕಷ್ಟ ಕಡಿಮೆ ಅನ್ನುವುದು ಅವಕ್ಕೆ ಗೊತ್ತು.

ನಾನು ಕುಮಟಾ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. 2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ, ಮದ್ರಾಸ್ ಐಐಟಿಯ ಆಸರೆಯಲ್ಲಿ ಬೆಳೆದ ವಾಟರ್‌ಫ್ಲೈ ಎಂಬ ಕಂಪನಿ ನೀರಿನ ಮೇಲೆ ನಾಲ್ಕು ಮೀಟರ್ ಎತ್ತರದಲ್ಲಿ ಹಾರುವ ದೋಣಿಯ ವಿನ್ಯಾಸ ತೋರಿಸಿತು. ಕೋಲ್ಕತ್ತದಿಂದ ಚೆನ್ನೈಗೆ 600 ರೂಪಾಯಿಯಲ್ಲಿ ಹೋಗಬಹುದು ಅನ್ನುವ ಮಾತು ಎಲ್ಲರ ಮೊಬೈಲಿಗೂ ಬಂತು. ಮರುದಿನವೇ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಅಕ್ಕೋರೆ, ತದಡಿಯಿಂದ ಗೋವಾಕ್ಕೆ ಇದ್ರಲ್ಲಿ ಹೋಗುಕಾಗ್ತದಾ?" ತದಡಿ ನಮ್ಮ ಹೊಳೆಬಾಯಿಯ ಮೀನು ಬಂದರು, ಅವಳ ಅಪ್ಪನದು ಮೀನಿನ ದೋಣಿ. ಅವಳ ಪ್ರಶ್ನೆಗೆ ಹೌದು, ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳಲು ನನಗೆ ಮನಸ್ಸಾಗಲಿಲ್ಲ. "ಮೊದಲು ಒಂದು ಮಾಡಿ ನೋಡೋಣ" ಅಂದೆ.

ಹಾಗೆ ಶುರುವಾಗಿದ್ದು ಇದು. ಮಕ್ಕಳು ಇದಕ್ಕೆ ರೆಕ್ಕೆದೋಣಿ ಅಂತ ಹೆಸರಿಟ್ಟರು, ನಾನೂ ಹಾಗೇ ಕರೆಯುತ್ತೇನೆ. ಎರಡು ಹಂತ ಇದೆ. ಮೊದಲನೆಯದು ಕೈಯಲ್ಲಿ ತಳ್ಳುವ ಪುಟ್ಟ ಮಾದರಿ. ಒಂದು ಮಧ್ಯಾಹ್ನದ ಕೆಲಸ, ಅಂಟು ಒಣಗಲು ಒಂದು ರಾತ್ರಿ, ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಎರಡನೆಯದು ಮೋಟಾರು, ರಿಮೋಟ್ ಇರುವಂಥದ್ದು. ಮೊದಲನೆಯದನ್ನು ಬಿಟ್ಟು ನೇರವಾಗಿ ಎರಡನೆಯದಕ್ಕೆ ಹೋಗಬೇಡಿ. ಕಲಿಯಬೇಕಾದದ್ದೆಲ್ಲ ಮೊದಲನೆಯದರಲ್ಲೇ ಇದೆ.

ಮಾಡುವ ಮೊದಲು ಇಷ್ಟು ತಿಳಿದಿರಲಿ

ರೆಕ್ಕೆಯ ಕೆಳಗೆ ಗಾಳಿಯ ಒತ್ತಡ ಜಾಸ್ತಿ, ಮೇಲೆ ಕಡಿಮೆ. ಕೆಳಗಿನ ಗಾಳಿ ರೆಕ್ಕೆಯ ತುದಿಯಿಂದ ಸುತ್ತಿಕೊಂಡು ಮೇಲಕ್ಕೆ ನುಗ್ಗುತ್ತದೆ. ಹಾಗಾಗಿ ಎರಡೂ ತುದಿಗಳ ಹಿಂದೆ ಸುಳಿ ಏಳುತ್ತದೆ. ಆ ಸುಳಿ ತಿರುಗಿಸುವುದಕ್ಕೆ ಇಂಜಿನ್ ಸುಮ್ಮನೆ ಶಕ್ತಿ ಕಳೆಯಬೇಕು. ನೆಲವೋ ನೀರೋ ಹತ್ತಿರ ಇದ್ದರೆ ಸುಳಿಗೆ ಪೂರ್ತಿ ತಿರುಗಲು ಜಾಗ ಸಿಗುವುದಿಲ್ಲ. ಅದೇ ಗ್ರೌಂಡ್ ಇಫೆಕ್ಟ್. ಪೈಲಟ್‌ಗಳಿಗೆ ಕಲಿಸುವ ಲೆಕ್ಕ ಹೀಗಿದೆ: ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಉದ್ದವೋ ಅಷ್ಟೇ ಎತ್ತರದಲ್ಲಿ ಹಾರಿದರೆ ಈ ಸುಳಿಯ ಎಳೆತ ಬರೀ 1.4% ಕಡಿಮೆಯಾಗುತ್ತದೆ. ಆ ಉದ್ದದ ಕಾಲು ಭಾಗದಷ್ಟು ಎತ್ತರಕ್ಕೆ ಇಳಿದರೆ 23.5%. ಹತ್ತನೇ ಒಂದು ಭಾಗಕ್ಕೆ ಇಳಿದರೆ 47.6%. ಅಂದರೆ ಲಾಭವೆಲ್ಲ ಕೊನೆಯ ಒಂದೆರಡು ಗೇಣಿನಲ್ಲೇ ಇದೆ. ಸ್ವಲ್ಪ ಮೇಲೆ ಹೋದರೂ ಕೈತಪ್ಪುತ್ತದೆ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಇನ್ನೊಂದು ವಿಷಯ ಇದೆ, ಅದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಅದೇ ಮುಖ್ಯ. ಮೇಲೆ ಹಾರುವಾಗ ಗಾಳಿ ರೆಕ್ಕೆಯನ್ನು ಎತ್ತುವ ಜಾಗ ಮುಂದಿನ ಅಂಚಿನಿಂದ ಸುಮಾರು ಕಾಲು ಭಾಗ ಹಿಂದೆ ಇರುತ್ತದೆ. ನೀರಿನ ಹತ್ತಿರ ಬಂದಂತೆ ಆ ಜಾಗ ಹಿಂದಕ್ಕೆ, ರೆಕ್ಕೆಯ ನಡುವಿನ ಕಡೆಗೆ ಸರಿಯುತ್ತದೆ. ಹತ್ತಿರ ಬಂದರೆ ಮೂಗು ತಗ್ಗುತ್ತದೆ. ದೂರ ಹೋದರೆ ಮೂಗು ಏಳುತ್ತದೆ. ಒಂದು ಅಲೆಯೋ ಗಾಳಿಯೋ ದೋಣಿಯನ್ನು ಸ್ವಲ್ಪ ಎತ್ತಿತು ಅನ್ನಿ. ಎತ್ತುವ ಜಾಗ ಮುಂದೆ ಬರುತ್ತದೆ, ಮೂಗು ಏಳುತ್ತದೆ. ಮೂಗು ಎದ್ದಿದ್ದಕ್ಕೆ ಇನ್ನೂ ಮೇಲೆ ಹೋಗುತ್ತದೆ, ಮೂಗು ಇನ್ನೂ ಏಳುತ್ತದೆ. ಕೊನೆಗೆ ಹಿಂದಕ್ಕೆ ಮಗುಚಿ ಬೀಳುತ್ತದೆ. ಪ್ರಯಾಣಿಕರು ಕೂರುವ ದೋಣಿಯಲ್ಲಿ ಇದು ಆಗಬಾರದು ಅಲ್ವಾ? ಈ ಒಂದು ತೊಂದರೆ ಬಗೆಹರಿಸುವುದಕ್ಕೇ ಇಬ್ಬರು ದೊಡ್ಡ ವಿನ್ಯಾಸಕಾರರು ಬದುಕಿನ ಎಷ್ಟೋ ವರ್ಷ ಕೊಟ್ಟರು.

ಒಬ್ಬರು ರಷ್ಯಾದ ರೊಸ್ತಿಸ್ಲಾವ್ ಅಲೆಕ್ಸೆಯೆವ್. ಇವರು ಜನ ಸಾಗಿಸುವ ದೋಣಿಯನ್ನೂ ಮಾಡಿದವರು. ನೀರಿನೊಳಗೆ ಸಣ್ಣ ರೆಕ್ಕೆ ಇರುವ ರಾಕೇತಾ ಎಂಬ ದೋಣಿ 1957ರಲ್ಲಿ ವೋಲ್ಗಾ ನದಿಗೆ ಇಳಿಯಿತು. ವೇಗ ಬಂದಂತೆ ಒಡಲು ನೀರಿನಿಂದ ಮೇಲೆದ್ದು ರೆಕ್ಕೆಯ ಮೇಲೆ ನಿಲ್ಲುತ್ತದೆ. ಆದರೆ ಒಂದು ವೇಗ ದಾಟಿದ ಮೇಲೆ ನೀರೊಳಗಿನ ರೆಕ್ಕೆಯ ಸುತ್ತ ನೀರು ಕುದ್ದಂತೆ ಗುಳ್ಳೆ ಏಳುತ್ತದೆ, ಹಿಡಿತ ತಪ್ಪುತ್ತದೆ. ಹಾಗಾಗಿ ಅವರು ರೆಕ್ಕೆಯನ್ನು ನೀರಿನಿಂದ ಹೊರಗೆ, ಗಾಳಿಗೆ ತಂದರು. ಅದರ ದೊಡ್ಡ ರೂಪ 1966ರಲ್ಲಿ ಮೊದಲು ಹಾರಿದ ಕೆಎಂ, ಹೊರಗಿನವರು ಕ್ಯಾಸ್ಪಿಯನ್ ಸಮುದ್ರದ ರಾಕ್ಷಸ ಅಂತ ಕರೆದದ್ದು. 92 ಮೀಟರ್ ಉದ್ದ, 544 ಟನ್ ತೂಕ, ಹತ್ತು ಜೆಟ್ ಇಂಜಿನ್. ಮೂಗು ಏಳುವ ತೊಂದರೆಗೆ ಅವರ ಉತ್ತರ ಒಂದು ಭಾರಿ ಬಾಲದ ರೆಕ್ಕೆ. ಅದನ್ನು ನೀರಿನ ಪ್ರಭಾವ ತಾಗದಷ್ಟು ಎತ್ತರದಲ್ಲಿ ಕೂರಿಸಿದರು.

ಇನ್ನೊಬ್ಬರು ಜರ್ಮನಿಯ ಅಲೆಕ್ಸಾಂಡರ್ ಲಿಪ್ಪಿಶ್. ಅವರು ರೆಕ್ಕೆಯ ಆಕಾರವನ್ನೇ ಬದಲಿಸಿದರು. ತ್ರಿಕೋನವನ್ನು ತಿರುಗಿಸಿ ಇಟ್ಟಂತೆ ಮುಂದಿನ ಅಂಚು ನೇರ, ಹಿಂದೆ ಚೂಪು, ತುದಿಗಳು ಕೆಳಕ್ಕೆ ಬಾಗಿರುತ್ತವೆ. ಈ ಆಕಾರದಲ್ಲಿ ಎತ್ತುವ ಜಾಗ ಅಷ್ಟಾಗಿ ಹಿಂದೆ ಮುಂದೆ ಓಡಾಡುವುದಿಲ್ಲ, ಚಿಕ್ಕ ಬಾಲವೇ ಸಾಕಾಗುತ್ತದೆ. ಅವರ ಎಕ್ಸ್-113 ಮಾದರಿ 1970ರಲ್ಲಿ ಹಾರಿತು. ಸಿಂಗಪುರದ ಎಂಟು ಪ್ರಯಾಣಿಕರ ಏರ್‌ಫಿಶ್ 8 ಇದೇ ಬಳ್ಳಿಯ ಕಾಯಿ. ಅದಕ್ಕೆ ಹಾಕಿರುವುದು ಕಾರಿನ ವಿ8 ಇಂಜಿನ್.

ನಾವು ಮಾಡುವುದು ಲಿಪ್ಪಿಶ್ ಬಗೆಯದ್ದು. ಮಕ್ಕಳ ಕೈಯಲ್ಲೂ ಸರಿಯಾಗಿ ಬರುತ್ತದೆ.

ಮೊದಲ ಮಾದರಿ, ಕೈಯಲ್ಲಿ ತಳ್ಳುವುದು

5 ಮಿ.ಮೀ. ದಪ್ಪದ ಥರ್ಮೋಕೋಲ್ ಹಾಳೆ ಬೇಕು. ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ಗಣಪತಿ ಮಂಟಪದಿಂದ ಉಳಿದ ತುಂಡಾದರೂ ನಡೆಯುತ್ತದೆ, ಬಾಗಿರಬಾರದು ಅಷ್ಟೇ. ಬಿದಿರು ಸೀಳಿ ನಯಮಾಡಿದ 50 ಸೆಂ.ಮೀ. ಕಡ್ಡಿ ಒಂದು. ಆದಷ್ಟು ಸಪೂರ ಇರಲಿ. ಬಿಳಿ ಫೆವಿಕಾಲ್, ಸೆಲೋಟೇಪ್, ಹೊಸ ಬ್ಲೇಡು, ಸ್ವಲ್ಪ ಜೇಡಿಮಣ್ಣು. ಫೆವಿಕ್ವಿಕ್ ಬೇಡ, ತಾಗಿದಲ್ಲಿ ಥರ್ಮೋಕೋಲ್ ಕರಗಿ ತೂತು ಬೀಳುತ್ತದೆ. ಚಪ್ಪಲಿ ಅಂಟಿಸುವ ಗಮ್ಮೂ ಬೇಡ.

ರೆಕ್ಕೆಯ ಅರ್ಧ ಭಾಗವನ್ನು ಮೊದಲು ಕಾಗದದಲ್ಲಿ ಬರೆದುಕೊಳ್ಳಿ. ಮುಂದಿನ ಅಂಚು ನೇರ ಗೆರೆ, 20 ಸೆಂ.ಮೀ. ಅದರ ಒಂದು ಕೊನೆಯಿಂದ ಹಿಂದಕ್ಕೆ 30 ಸೆಂ.ಮೀ. ಗೆರೆ ಎಳೆಯಿರಿ, ಇದು ನಡುಗೆರೆ. ಇನ್ನೊಂದು ಕೊನೆಯಿಂದ ಹಿಂದಕ್ಕೆ 6 ಸೆಂ.ಮೀ. ಮಾತ್ರ, ಇದು ತುದಿ. ಎರಡರ ಹಿಂದಿನ ಕೊನೆಗಳನ್ನು ಸೇರಿಸಿ. ಈ ಅಚ್ಚಿಟ್ಟು ಎರಡು ಕತ್ತರಿಸಿ, ಒಂದು ಎಡಕ್ಕೆ, ಒಂದು ಬಲಕ್ಕೆ. ಬ್ಲೇಡನ್ನು ಒತ್ತಬೇಡಿ, ಎಳೆಯಿರಿ. ಒತ್ತಿದರೆ ಮಣಿಗಳು ಕಿತ್ತು ಬಂದು ಅಂಚು ಹಲ್ಲುಹಲ್ಲಾಗುತ್ತದೆ.

ಈಗ ನಿಧಾನವಾಗಿ ಮಾಡಬೇಕಾದ ಕೆಲಸ. ಎರಡೂ ಅರ್ಧಗಳನ್ನು ನಡುಗೆರೆಯಲ್ಲಿ ಸೇರಿಸಿ ಮೇಲಿನಿಂದ ಸೆಲೋಟೇಪ್ ಹಚ್ಚಿ, ಪುಸ್ತಕದ ಬೆನ್ನಿನ ಹಾಗೆ ಮಡಚುವಂತೆ. ಮೇಜಿನ ಮೇಲಿಟ್ಟು, ನಡುಗೆರೆಯ ಮುಂದಿನ ಕೊನೆಯನ್ನು ಮಾತ್ರ 3 ಸೆಂ.ಮೀ. ಎತ್ತಿ ಏನಾದರೂ ಆನಿಸಿ. ಎರಡು ಬೆಂಕಿಪೊಟ್ಟಣ ಒಂದರ ಮೇಲೊಂದು ಮಲಗಿಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಈಗ ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ಹಿಂದಿನಿಂದ ನೋಡಿ. ಹಿಂದಿನ ಅಂಚು ಈ ತುದಿಯಿಂದ ಆ ತುದಿಯವರೆಗೆ ಪೂರ್ತಿ ಮೇಜಿಗೆ ತಾಗಿರಬೇಕು. ಒಂದು ಕಾಗದವೂ ಒಳಗೆ ತೂರಬಾರದು. ಮುಂದೆ ಮಾತ್ರ ಬಾಯಿ ತೆರೆದಿರುತ್ತದೆ. ಗಾಳಿ ಮುಂದಿನಿಂದ ಒಳಗೆ ಬರುತ್ತದೆ, ಹಿಂದೆಯಾಗಲಿ ಪಕ್ಕದಲ್ಲಾಗಲಿ ಹೊರಗೆ ಹೋಗಲು ದಾರಿ ಇಕ್ಕಟ್ಟು. ಅದೇ ಇದರ ಗುಟ್ಟು. ಹಾಗೇ ಹಿಡಿದು ನಡುಗೆರೆಯ ಸಂದಿಗೆ ಫೆವಿಕಾಲ್ ತುಂಬಿ ರಾತ್ರಿಯಿಡೀ ಒಣಗಲು ಬಿಡಿ. ಅವಸರ ಮಾಡಿ ಬೇಗ ಎತ್ತಿದರೆ ಒಂದು ರೆಕ್ಕೆ ಜೋಲುತ್ತದೆ, ಆಮೇಲೆ ಏನು ಮಾಡಿದರೂ ನೇರ ಹೋಗುವುದಿಲ್ಲ.

ಬಿದಿರಿನ ಕಡ್ಡಿ ಮೇಲೆ, ರೆಕ್ಕೆ ಅದರ ಕೆಳಗೆ. ಕಡ್ಡಿಯ ಮೂತಿ ರೆಕ್ಕೆಯ ಮುಂದಿನ ಅಂಚಿನಿಂದ 8 ಸೆಂ.ಮೀ. ಮುಂದೆ ಚಾಚಿರಲಿ. ಮುಂದಿನ ಅಂಚು ಕಡ್ಡಿಗೆ ತಾಗಿರಲಿ. ಹಿಂದೆ, ರೆಕ್ಕೆಯ ಚೂಪು ಕೊನೆಯ ಹತ್ತಿರ, ಕಡ್ಡಿಗೂ ರೆಕ್ಕೆಗೂ ನಡುವೆ ಥರ್ಮೋಕೋಲಿನ ಮೂರು ಚೂರು ಒಂದರ ಮೇಲೊಂದು ಅಂಟಿಸಿ, ಒಟ್ಟು ಒಂದೂವರೆ ಸೆಂ.ಮೀ. ಹೀಗೆ ಮಾಡಿದರೆ ಕಡ್ಡಿ ನೇರ ಇದ್ದಾಗ ರೆಕ್ಕೆ ಸ್ವಲ್ಪ ಮುಖ ಎತ್ತಿರುತ್ತದೆ, ಕಡ್ಡಿಯ ಬಾಲವೂ ನೆಲಕ್ಕೆ ಉಜ್ಜುವುದಿಲ್ಲ.

ಕಡ್ಡಿಯ ಹಿಂದಿನ ಕೊನೆಗೆ 10 ಸೆಂ.ಮೀ. ಎತ್ತರದ ಒಂದು ನೇರ ಹಾಳೆ ನಿಲ್ಲಿಸಿ. ಅದರ ನೆತ್ತಿಯ ಮೇಲೆ 22 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲದ ಹಾಳೆಯನ್ನು ಅಡ್ಡ ಕೂರಿಸಿ, ಕಡ್ಡಿಗೆ ಸಮಾನಾಂತರವಾಗಿ. ಬಾಲ ಇಷ್ಟು ಮೇಲೆ ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಕೆಳಗಿದ್ದರೆ ಅದೂ ನೆಲದ ಪ್ರಭಾವಕ್ಕೆ ಸಿಕ್ಕಿಕೊಳ್ಳುತ್ತದೆ, ರೆಕ್ಕೆ ತಪ್ಪು ಮಾಡಿದಾಗ ತಿದ್ದುವವರು ಯಾರೂ ಇರುವುದಿಲ್ಲ.

ಕೊನೆಗೆ ತೂಕ. ರೆಕ್ಕೆಯ ಮುಂದಿನ ಅಂಚಿನಿಂದ 7 ಸೆಂ.ಮೀ. ಹಿಂದೆ, ನಡುಗೆರೆಯ ಎರಡೂ ಬದಿಗೆ ಪೆನ್ನಿನಿಂದ ಚುಕ್ಕೆ ಇಡಿ. ಎರಡು ಬೆರಳ ತುದಿಗಳನ್ನು ಆ ಚುಕ್ಕೆಗಳ ಕೆಳಗಿಟ್ಟು ಎತ್ತಿ. ಬಾಲ ಬೀಳುತ್ತದೆ. ಮೂತಿಗೆ ಜೇಡಿಮಣ್ಣು ಮೆತ್ತುತ್ತಾ ಹೋಗಿ. ತಕ್ಕಡಿಯ ಹಾಗೆ ಸಮನಾಗಿ ನಿಂತಾಗ ನಿಲ್ಲಿಸಿ. ಒಂದು ಸಣ್ಣ ಅಡಿಕೆ ಗಾತ್ರದ ಮಣ್ಣು ಬೇಕಾಗುತ್ತದೆ. ಇಷ್ಟು ಭಾರ ಯಾಕೆ ಅಂತ ಅನ್ನಿಸಬಹುದು. ಇರಲಿ.

ಜಗಲಿಯಲ್ಲಿ

ನುಣುಪಾದ, ಉದ್ದದ ನೆಲ ಬೇಕು. ನಮ್ಮ ಶಾಲೆಯ ಜಗಲಿ ಮೊಸಾಯಿಕ್ ಹಾಕಿದ್ದು. ಫ್ಯಾನ್ ಬಂದ್ ಮಾಡಿ, ಕಿಟಕಿ ಮುಚ್ಚಿ. ಮಂಡಿಯೂರಿ ಕೂತು, ಕಡ್ಡಿಯನ್ನು ರೆಕ್ಕೆಯ ಹಿಂದೆ ಹಿಡಿದು, ನೆಲಕ್ಕೆ ಎರಡು ಬೆರಳು ಎತ್ತರದಲ್ಲಿ ನೇರವಾಗಿ ತಳ್ಳಿ ಬಿಡಿ. ಎಸೆಯಬೇಡಿ. ಕೇರಂ ಸ್ಟ್ರೈಕರ್ ತಳ್ಳಿದ ಹಾಗಲ್ಲ, ಮಗುವಿನ ತೊಟ್ಟಿಲು ತೂಗಿದ ಹಾಗೆ.

ಮೊದಲ ಸಲವೇ ಸರಿ ಹೋದರೆ ಅದೃಷ್ಟ. ಬಿಟ್ಟ ಕೂಡಲೇ ಮೂಗು ನೆಲಕ್ಕೆ ಉಜ್ಜಿದರೆ ಬಾಲದ ಹಾಳೆಯ ಹಿಂದಿನ ಅಂಚನ್ನು ಉಗುರಿನಷ್ಟು ಮೇಲಕ್ಕೆ ಬಗ್ಗಿಸಿ. ಮೂಗೆತ್ತಿ ಸೊಂಟದ ಎತ್ತರಕ್ಕೆ ಹೋಗಿ ಬಿದ್ದರೆ ಆ ಅಂಚನ್ನು ಕೆಳಕ್ಕೆ ಬಗ್ಗಿಸಿ. ಆಗಲೂ ಸರಿಯಾಗದಿದ್ದರೆ ಮಾತ್ರ ಮಣ್ಣು ಹೆಚ್ಚಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ನಾನು ಇದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿಟ್ಟಿದ್ದೆ, ಯಾಕೆಂದರೆ ಮಕ್ಕಳು ಬಾಲವನ್ನೂ ಮಣ್ಣನ್ನೂ ಒಟ್ಟಿಗೆ ಬದಲಿಸುತ್ತಾರೆ, ಆಮೇಲೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ.

ಸರಿಯಾದಾಗ ನಿಮಗೇ ತಿಳಿಯುತ್ತದೆ. ನೆಲಕ್ಕೆ ಎರಡು ಮೂರು ಸೆಂ.ಮೀ. ಬಿಟ್ಟು, ಎಣ್ಣೆ ಹಚ್ಚಿದ ಹಾಗೆ ಹೋಗುತ್ತದೆ. ನಿಲ್ಲುತ್ತದೆ ಅಂದುಕೊಂಡ ಮೇಲೂ ಇನ್ನೊಂದು ಮಾರು ಹೋಗುತ್ತದೆ. ನಮ್ಮ ಹುಡುಗಿ ಮೊದಲ ಬಾರಿ ಅದನ್ನು ನೋಡಿ ನೆಲಕ್ಕೆ ಕೆನ್ನೆ ಆನಿಸಿ ಮಲಗಿಬಿಟ್ಟಳು, ಕೆಳಗೆ ಗಾಲಿ ಇದೆಯಾ ಅಂತ ನೋಡಲು.

ಈಗ ಮಾಡಲೇಬೇಕಾದ ಒಂದು ಪರೀಕ್ಷೆ. ಜಗಲಿಯ ಕೊನೆಯಲ್ಲಿ ಅಂಗಳಕ್ಕೆ ಇಳಿಯುವ ಕಡೆ, ಎರಡು ಮೆಟ್ಟಿಲು ಎತ್ತರ ಇರುವಲ್ಲಿ, ಮಾದರಿಯನ್ನು ಅಂಚಿನ ಕಡೆಗೆ ತಳ್ಳಿ. ನೆಲದ ಮೇಲೆ ಚೆನ್ನಾಗಿ ಬರುತ್ತದೆ. ಅಂಚು ದಾಟಿದ ಕೂಡಲೇ, ಕೆಳಗಿನ ನೆಲ ತಪ್ಪಿದ ಗಳಿಗೆಯಲ್ಲಿ, ಮೂಗು ಸ್ವಲ್ಪ ಮೇಲಕ್ಕೆ ಎದ್ದು ಆಮೇಲೆ ಕುಸಿಯುತ್ತದೆ. ಯಾರೂ ಮುಟ್ಟಿಲ್ಲ, ಗಾಳಿ ಬೀಸಿಲ್ಲ. ನೆಲ ದೂರವಾಯಿತು ಅಷ್ಟೇ. ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ ನೋಡಿ, ಸ್ಪಷ್ಟವಾಗಿ ಕಾಣುತ್ತದೆ. ಆಮೇಲೆ ಮೂತಿಯ ಮಣ್ಣನ್ನು ಅರ್ಧ ತೆಗೆದು ಅದೇ ಜಾಗದಲ್ಲಿ ಬಿಡಿ. ಮೂಗು ಎಷ್ಟು ಜೋರಾಗಿ ಏಳುತ್ತದೆ ನೋಡಿ. ಅಡಿಕೆಯಷ್ಟು ಮಣ್ಣು ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಎರಡನೇ ಮಾದರಿ, ನೀರಿಗೆ

ಎಲ್ಲ ಅಳತೆಯನ್ನೂ ಎರಡು ಪಟ್ಟು ಮಾಡಿ. ರೆಕ್ಕೆ ತುದಿಯಿಂದ ತುದಿಗೆ 80 ಸೆಂ.ಮೀ., ನಡುಗೆರೆ 60, ತುದಿ 12. ತೂಕದ ಚುಕ್ಕೆ ಮುಂದಿನ ಅಂಚಿನಿಂದ 14 ಸೆಂ.ಮೀ. ಹಿಂದೆ. ಥರ್ಮೋಕೋಲ್ 12 ಮಿ.ಮೀ. ದಪ್ಪದ್ದು ತಗೊಳ್ಳಿ. ಎರಡೂ ಬದಿಗೆ ಕಂದು ಪ್ಯಾಕಿಂಗ್ ಟೇಪ್ ಸುಕ್ಕಿಲ್ಲದೆ ಹಚ್ಚಿ. ಅದು ನೀರು ಇಳಿಯದಂತೆ ತಡೆಯುತ್ತದೆ, ಬಲವನ್ನೂ ಕೊಡುತ್ತದೆ. ರೆಕ್ಕೆಯ ಉದ್ದಕ್ಕೆ ಒಂದು ಬಿದಿರು ಕಡ್ಡಿ ಹೂತುಬಿಡಿ.

ವಿದ್ಯುತ್ ಸಾಮಾನು ಡ್ರೋನ್, ಮಾದರಿ ವಿಮಾನದ ಬಿಡಿಭಾಗ ಮಾರುವವರಲ್ಲಿ ಸಿಗುವಂಥವೇ. 2212 ಗಾತ್ರದ 1400 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ ಇಷ್ಟು ಸುತ್ತು) ಬ್ರಷ್‌ಲೆಸ್ ಮೋಟಾರು, 8 ಇಂಚಿನ ಪ್ರೊಪೆಲ್ಲರ್, ಮೋಟಾರಿನ ವೇಗ ಏರಿಳಿಸುವ 30 ಆಂಪ್ ಇಎಸ್‌ಸಿ, ಮೂರು ಸೆಲ್ಲಿನ 1500 ಎಂಎಎಚ್ ಲಿಪೋ ಬ್ಯಾಟರಿ, 9 ಗ್ರಾಂ ತೂಕದ ಎರಡು ಸರ್ವೋ (ಬಾಲದ ಪಟ್ಟಿ ತಿರುಗಿಸುವ ಪುಟ್ಟ ಮೋಟಾರು), ರಿಸೀವರ್, ರಿಮೋಟ್. ಒಂದು ಸರ್ವೋ ಬಾಲದ ಅಡ್ಡ ಹಾಳೆಯ ಹಿಂದಿನ ಪಟ್ಟಿಗೆ, ಇನ್ನೊಂದು ನಿಂತ ಹಾಳೆಯ ಪಟ್ಟಿಗೆ. ಎಡಬಲಕ್ಕೆ ವಾಲದಂತೆ ನೋಡಿಕೊಳ್ಳಲು ಬೇರೆ ಏನೂ ಬೇಡ, ಯಾವ ರೆಕ್ಕೆ ನೀರಿಗೆ ಹತ್ತಿರ ಬರುತ್ತದೋ ಅದನ್ನು ಗಾಳಿಯೇ ಮೇಲಕ್ಕೆ ದಬ್ಬುತ್ತದೆ. ಎಲ್ಲ ಸೇರಿ 700 ಗ್ರಾಂ ದಾಟದಿದ್ದರೆ ಒಳ್ಳೆಯದು. ಹಾರುವ ವೇಗ ಗಂಟೆಗೆ 30 ಕಿ.ಮೀ. ಆಸುಪಾಸಿನಲ್ಲಿ ಬರುತ್ತದೆ.

ಮೋಟಾರನ್ನು ರೆಕ್ಕೆಯ ಮುಂದೆ, ಪ್ರೊಪೆಲ್ಲರ್ ನೀರಿಗೆ ತಾಗದಷ್ಟು ಎತ್ತರದಲ್ಲಿ ಕೂರಿಸಿ. ಅದರ ಗಾಳಿ ಸ್ವಲ್ಪ ರೆಕ್ಕೆಯ ಕೆಳಗೂ ನುಗ್ಗುವಂತೆ ಓರೆ ಮಾಡಿ. ಇದು ಅಲೆಕ್ಸೆಯೆವ್ ಅವರ ಉಪಾಯ. ಕೆಎಂನ ಹತ್ತು ಇಂಜಿನ್‌ಗಳಲ್ಲಿ ಎಂಟು ಮುಂದೆಯೇ ಇದ್ದವು. ಅವುಗಳ ಬಿಸಿ ಗಾಳಿಯನ್ನು ರೆಕ್ಕೆಯ ಕೆಳಗೆ ತುಂಬಿ ಆ 544 ಟನ್ನನ್ನು ನೀರಿನಿಂದ ಕೀಳುತ್ತಿದ್ದರು. ಹಾರಲು ಶುರುವಾದ ಮೇಲೆ ಅಷ್ಟು ಶಕ್ತಿ ಬೇಡ. ರೆಕ್ಕೆದೋಣಿಯ ದೊಡ್ಡ ಖರ್ಚು ನೀರಿನಿಂದ ಬಿಡಿಸಿಕೊಳ್ಳುವುದರಲ್ಲೇ ಇದೆ.

ಬಿಡಿಸಿಕೊಳ್ಳುವುದಕ್ಕೆ ಇನ್ನೊಂದು ಚಿಕ್ಕ ಸಂಗತಿ ಬೇಕು. ಬ್ಯಾಟರಿ ಕೂರುವ ನಡುವಿನ ಒಡಲಿನ ಅಡಿಯಲ್ಲಿ, ತೂಕದ ಚುಕ್ಕೆಗಿಂತ ಸ್ವಲ್ಪ ಹಿಂದೆ, ಒಂದು ಸೆಂ.ಮೀ. ಆಳದ ಮೆಟ್ಟಿಲು ಕತ್ತರಿಸಿ. ಅಂದರೆ ಅಡಿ ಅಲ್ಲಿಗೆ ಥಟ್ಟನೆ ನಿಂತು, ಹಿಂದಿನ ಭಾಗ ಮೇಲಿನಿಂದ ಮುಂದುವರಿಯಬೇಕು. ಮೆಟ್ಟಿಲಿಲ್ಲದ ಅಡಿಗೆ ನೀರು ಅಂಟಿಕೊಂಡು ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ತುಂಬಿದ ಲೋಟವನ್ನು ನಿಧಾನವಾಗಿ ಬಗ್ಗಿಸಿದರೆ ನೀರು ಲೋಟದ ಹೊರಮೈಗೆ ಅಂಟಿ ಇಳಿಯುತ್ತದಲ್ಲ, ಅದೇ. ಎರಡೂ ರೆಕ್ಕೆಗಳ ತುದಿಗೆ ಅಂಗೈ ಉದ್ದದ ಥರ್ಮೋಕೋಲ್ ತೇಲುಬುಡ್ಡೆ ಅಂಟಿಸಿ, ಅವುಗಳ ಮೂತಿ ಸ್ಕೀಯಿನ ಹಾಗೆ ಮೇಲಕ್ಕೆ ಬಾಗಿರಲಿ.

ತೂಕದ ಚುಕ್ಕೆ ತಪ್ಪಿಸಬೇಡಿ ಅಂತ ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ಮೊದಲ ನೀರಿನ ಮಾದರಿಯಲ್ಲಿ ಬ್ಯಾಟರಿಯ ಮುಚ್ಚಳ ತೆಗೆಯಲು ಸುಲಭವಾಗಲಿ ಅಂತ ನಾನೇ ಬ್ಯಾಟರಿಯನ್ನು ಎರಡು ಬೆರಳು ಹಿಂದೆ ಇಟ್ಟೆ. ನೀರಿನ ಮೇಲೆ ಓಡುವಾಗ ಚೆನ್ನಾಗಿಯೇ ಇತ್ತು. ಎದ್ದಿತು. ಮೊಳದಷ್ಟು ಮೇಲೆ ಬಂದ ಕೂಡಲೇ ಮೂಗೆತ್ತಿ, ಬೆನ್ನ ಮೇಲೆ ಬಿತ್ತು. ಎಣಿಸಿದರೆ ಒಂದು ಸೆಕೆಂಡೂ ಆಗಿರಲಿಲ್ಲ, ರಿಮೋಟಿನ ಕಡ್ಡಿ ಒತ್ತುವುದಕ್ಕೂ ಸಮಯ ಸಿಗಲಿಲ್ಲ. ಉಪ್ಪು ನೀರು ಹೊಕ್ಕು ಇಎಸ್‌ಸಿ ಹಾಳಾಯಿತು. ಜಗಲಿಯ ಅಂಚಿನಲ್ಲಿ ನೋಡಿದ್ದೇ ಅಲ್ಲಿ ಮತ್ತೆ ಆದದ್ದು. ಹಾಗಾಗಿ ಬ್ಯಾಟರಿ ಕೂರಿಸಿದ ಮೇಲೆ, ನೀರಿಗೆ ಬಿಡುವ ಮೊದಲು, ಪ್ರತಿ ಸಲವೂ ಎರಡು ಬೆರಳ ಮೇಲೆ ಎತ್ತಿ ನೋಡಿ. ಪ್ರತಿ ಸಲವೂ.

ಗಜನಿಯಲ್ಲಿ

ಹೊಳೆಯ ನಡುವೆ ಬೇಡ. ಸೆಳೆತ ಇರುತ್ತದೆ, ದೋಣಿಗಳು ಓಡಾಡುತ್ತವೆ. ನಮಗೆ ಒದಗಿದ್ದು ಗಜನಿ. ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುವ ಉಪ್ಪುನೀರಿನ ಗದ್ದೆಗಳು. ಕೊಯ್ಲಿನ ನಂತರ ಭರತದ ನೀರು ತುಂಬಿ ಮೊಣಕಾಲುದ್ದ ನಿಲ್ಲುತ್ತದೆ. ನಿಮ್ಮೂರಲ್ಲಿ ಕೆರೆ ಇದ್ದರೆ ಕೆರೆ, ದಡದಿಂದ ಮಾದರಿ ಕಣ್ಣಿಗೆ ಕಾಣುವಷ್ಟು ಚಿಕ್ಕದಾಗಿರಲಿ. ಗಜನಿಯಲ್ಲಿ ಶೆಟ್ಲಿ (ಸಿಗಡಿ) ಹಿಡಿಯಲು ಗುತ್ತಿಗೆ ಪಡೆದವರು ಇರುತ್ತಾರೆ, ಅವರನ್ನು ಮೊದಲು ಕೇಳಿ. ಬಲೆ ಕಟ್ಟಿದ ಗೂಟಗಳು ಎಲ್ಲಿವೆ ಅಂತ ಅವರೇ ತೋರಿಸುತ್ತಾರೆ. ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರು ವಲಯದಲ್ಲಿ ಇದೆಯಾ ಅಂತಲೂ ನೋಡಿಕೊಳ್ಳಿ. ಮೊಣಕಾಲು ನೀರಾದರೂ ಇಳಿಯುವ ಮಕ್ಕಳಿಗೆ ಲೈಫ್ ಜಾಕೆಟ್ ಹಾಕಿಸಿ. ಪ್ರೊಪೆಲ್ಲರ್ ಬಿಚ್ಚಿಟ್ಟೇ ಸರ್ವೋ, ಮೋಟಾರು ಪರೀಕ್ಷೆ ಮಾಡಿ. ಹಕ್ಕಿಗಳು ಗುಂಪಾಗಿ ಕೂತಿದ್ದರೆ ಆ ದಿನ ಬಿಟ್ಟುಬಿಡಿ.

ಡಿಸೆಂಬರ್‌ನಿಂದ ಫೆಬ್ರವರಿಯ ಬೆಳಗು ಒಳ್ಳೆಯದು, ಕಡಲ ಗಾಳಿ ಏಳುವ ಮೊದಲು. 80 ಸೆಂ.ಮೀ. ರೆಕ್ಕೆಗೆ ಹತ್ತನೇ ಒಂದು ಭಾಗ ಅಂದರೆ 8 ಸೆಂ.ಮೀ. ನಮ್ಮ ಮಾದರಿ ಹಾರಬೇಕಾದ ಎತ್ತರ ಅಷ್ಟೇ. ಗಾಳಿಗೆ ನೀರು ನಾಲ್ಕು ಬೆರಳು ಏರಿಳಿದರೂ ಅದಕ್ಕೆ ಅದು ಬಿರುಗಾಳಿಯ ಸಮುದ್ರ. ಹಾಗಾಗಿ ನೀರು ಗಾಜಿನಂತೆ ಇಲ್ಲದ ದಿನ ನಾವು ವಾಪಸ್ ಬಂದಿದ್ದೇವೆ.

ಹುಡುಗಿಯ ಪ್ರಶ್ನೆಗೆ ಉತ್ತರವೂ ಇಲ್ಲೇ ಸಿಗುತ್ತದೆ. ತದಡಿಯಿಂದ ಗೋವಾಕ್ಕೆ ದಾರಿ ತೆರೆದ ಅರಬ್ಬೀ ಸಮುದ್ರ. 15 ಮೀಟರ್ ರೆಕ್ಕೆಯ ದೋಣಿ ಅದೇ ಲೆಕ್ಕದಲ್ಲಿ ಒಂದೂವರೆ ಮೀಟರ್ ಎತ್ತರದಲ್ಲಿ ಹಾರಬೇಕು. ಜೂನ್, ಜುಲೈನಲ್ಲಿ ಮೀನುಗಾರಿಕೆಗೇ ರಜೆ ಕೊಡುವ ಸಮುದ್ರದಲ್ಲಿ ಅದು ಆಗದ ಮಾತು. ಉಳಿದ ತಿಂಗಳಲ್ಲಿ, ಬೆಳಗಿನ ಹೊತ್ತು, ಆಗಬಹುದು ಅಂತ ನನಗೆ ಅನ್ನಿಸುತ್ತದೆ. ನಮ್ಮ ತದಡಿ-ಅಘನಾಶಿನಿ ಕಡವಿಗಂತೂ ಇದು ಬೇಡ. ಎದ್ದು ವೇಗ ಹಿಡಿಯುವಷ್ಟರಲ್ಲಿ ಆ ದಡ ಬಂದಿರುತ್ತದೆ. ಒಳ್ಳೆಯ ಜಾಗ ಅಂದರೆ ದ್ವೀಪಗಳ ನಡುವಿನ, ಗಾಳಿಗೆ ಮರೆಯಾದ, ನೂರಾರು ಕಿ.ಮೀ. ನೀರು. ಅಮೆರಿಕದ ರೀಜೆಂಟ್ ಕಂಪನಿ 12 ಪ್ರಯಾಣಿಕರ ವಿದ್ಯುತ್ ರೆಕ್ಕೆದೋಣಿಯನ್ನು ರೋಡ್ ಐಲೆಂಡಿನ ನ್ಯಾರಗಾನ್ಸೆಟ್ ಕೊಲ್ಲಿಯಲ್ಲಿ ಪರೀಕ್ಷೆ ಮಾಡುತ್ತಿರುವುದೂ ಮರೆಯ ನೀರಿನಲ್ಲೇ. ಅದು ಮೊದಲು ತೇಲುತ್ತದೆ, ಆಮೇಲೆ ರಾಕೇತಾದ ಹಾಗೆ ನೀರೊಳಗಿನ ರೆಕ್ಕೆಯ ಮೇಲೆ ನಿಲ್ಲುತ್ತದೆ, ಕೊನೆಗೆ ಹಾರುತ್ತದೆ. ಅಲೆಯ ತೊಂದರೆಯನ್ನೂ ನೀರಿನಿಂದ ಬಿಡಿಸಿಕೊಳ್ಳುವ ತೊಂದರೆಯನ್ನೂ ಹಾಗೆ ಹಗುರ ಮಾಡಿಕೊಂಡಿದ್ದಾರೆ.

ಹುಡುಗಿಯ ಅಪ್ಪ ಬೇರೆಯೇ ಒಂದು ಕೇಳಿದರು: "ನಮ್ಮ ದೋಣಿ ಅಡ್ಡ ಬಂದ್ರೆ?" ಸಮುದ್ರದ ಸಂಚಾರ ನಿಯಮದಲ್ಲಿ ಇದಕ್ಕೆ ಉತ್ತರ ಇದೆ. ರೆಕ್ಕೆದೋಣಿ ಏಳುವಾಗ, ಇಳಿಯುವಾಗ, ನೀರಿನ ಹತ್ತಿರ ಹಾರುವಾಗ ಬೇರೆ ಎಲ್ಲ ದೋಣಿಗಳಿಂದ ತಾನೇ ದೂರ ಸರಿಯಬೇಕು. ಎಲ್ಲ ಕಡೆಗೂ ಕಾಣುವ ಜೋರು ಕೆಂಪು ದೀಪ ಮಿನುಗಿಸುತ್ತಿರಬೇಕು. ಸುಮ್ನೆ ನೀರಿನ ಮೇಲೆ ತೇಲಿ ಓಡುವಾಗ ಮಾತ್ರ ಅದು ಬೇರೆ ಇಂಜಿನ್ ದೋಣಿಯ ಹಾಗೆಯೇ. ಅವರು ತಲೆಯಾಡಿಸಿ, "ದೀಪ ಕಂಡ್ಮೇಲೆ ನಮ್ಗೆ ಬಲೆ ಎತ್ತೂಕೆ ಟೈಮ್ ಬೇಕಲ್ಲ" ಅಂದರು. ಸರಿಯಾದ ಮಾತು. ನಮ್ಮ ಕರಾವಳಿಯಲ್ಲಿ ಇಂಥ ದೋಣಿ ತರುವವರು ಮೊದಲು ಕೂತು ಮಾತಾಡಬೇಕಾದದ್ದು ಇವರ ಹತ್ತಿರ.

ಹಾರಿಸುವುದು ಹೀಗೆ. ಗಾಳಿ ಎಷ್ಟೇ ಕಡಿಮೆ ಇದ್ದರೂ ಅದರ ಎದುರಿಗೆ ಮುಖ ಮಾಡಿ ಬಿಡಿ. ಮೋಟಾರನ್ನು ನಿಧಾನವಾಗಿ ಏರಿಸಿ. ಮೊದಲು ನೀರು ಉಳುತ್ತಾ ಹೋಗುತ್ತದೆ, ಸದ್ದು ಭಾರವಾಗಿರುತ್ತದೆ. ಆಮೇಲೆ ಅಡಿಯ ಮೆಟ್ಟಿಲಿನ ಮೇಲೆ ನಿಂತು ಜಾರತೊಡಗುತ್ತದೆ, ನೀರಿನ ಚರಚರ ಸದ್ದು ಬರುತ್ತದೆ. ಆ ಸದ್ದು ನಿಂತು ಬರೀ ಮೋಟಾರಿನ ಸದ್ದು ಉಳಿದಾಗ ಅದು ಹಾರುತ್ತಿದೆ ಅಂತ ಅರ್ಥ. ಆಗ ಕೂಡಲೇ ಮೋಟಾರನ್ನು ಸ್ವಲ್ಪ ತಗ್ಗಿಸಿ. ರಿಮೋಟಿನಲ್ಲಿ ಬಾಲದ ಕಡ್ಡಿಯನ್ನು ಎಳೆಯಬೇಡಿ, ಎತ್ತರವನ್ನು ರೆಕ್ಕೆಯೇ ನೋಡಿಕೊಳ್ಳುತ್ತದೆ. ತಿರುಗಿಸುವಾಗ ಬಹಳ ಅಗಲವಾದ ಸುತ್ತು ತಗೊಳ್ಳಿ. ಒಂದು ರೆಕ್ಕೆ ಜೋರಾಗಿ ವಾಲಿದರೆ ಅದರ ತುದಿ ನೀರಿಗೆ ಬಡಿಯುತ್ತದೆ. ಮೊದಲ ದಿನ ತಿರುಗಿಸುವುದೇ ಬೇಡ, ನೇರ ಹಾರಿಸಿ, ಇಳಿಸಿ, ನಡೆದು ಹೋಗಿ ತನ್ನಿ.

ಮನೆಗೆ ಬಂದ ಮೇಲೆ ಮಾದರಿಯನ್ನೂ ಮೋಟಾರನ್ನೂ ಸಿಹಿನೀರಿನಲ್ಲಿ ತೊಳೆದು, ಮೋಟಾರಿಗೆ ಎರಡು ಹನಿ ಎಣ್ಣೆ ಬಿಟ್ಟು, ನೆರಳಲ್ಲಿ ಒಣಗಿಸಿ. ಉಪ್ಪು ಒಂದೇ ರಾತ್ರಿಯಲ್ಲಿ ಬೇರಿಂಗ್ ತಿನ್ನುತ್ತದೆ. ಬ್ಯಾಟರಿ ನೀರು ಕುಡಿದಿದ್ದರೆ ಅಥವಾ ಊದಿಕೊಂಡಿದ್ದರೆ ಮತ್ತೆ ಚಾರ್ಜ್ ಮಾಡಬೇಡಿ.

ಎತ್ತರ ಅಳೆಯುವುದು ಹೇಗೆ ಅಂತ ನಾವು ಬಹಳ ದಿನ ಒದ್ದಾಡಿದೆವು. ದಾರ ಕಟ್ಟಿ ನೋಡಿದೆವು, ಒಡಲಿನ ಅಡಿಭಾಗಕ್ಕೆ ಒರೆಸುವ ಕಾಗದ ಅಂಟಿಸಿ ಒದ್ದೆಯಾಯಿತಾ ಅಂತ ನೋಡಿದೆವು. ಸರಿಯಾದ ಉಪಾಯ ಆ ಹುಡುಗಿಯೇ ಕಂಡುಹಿಡಿದಳು. ಬಂಡಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಕಣ್ಣು ನೀರಿನ ಮಟ್ಟಕ್ಕೆ ತಂದು, ಮಾದರಿ ಅಡ್ಡ ಹಾಯುವಾಗ ವಿಡಿಯೋ ಮಾಡುವುದು. ನೀರು ನಿಶ್ಚಲವಾಗಿದ್ದರೆ ಮಾದರಿ ಮೇಲೆ, ಅದರ ಬಿಂಬ ಕೆಳಗೆ, ಎರಡರ ನಡುವೆ ಬೆಳಕಿನ ಒಂದು ಪಟ್ಟಿ ಕಾಣುತ್ತದೆ. ಆ ಪಟ್ಟಿಯ ಅರ್ಧವೇ ಎತ್ತರ. ಒಡಲಿನ ಬದಿಗೆ ಸೆಂ.ಮೀ. ಗುರುತು ಬರೆದಿಟ್ಟಿದ್ದರೆ ವಿಡಿಯೋ ನಿಲ್ಲಿಸಿ ಅದೇ ಅಳತೆಯಿಂದ ಲೆಕ್ಕ ಹಾಕಬಹುದು. ಜನವರಿಯ ಮೂರನೇ ಬೆಳಿಗ್ಗೆ ಅವಳು ಬಂಡಿನ ಮೇಲಿಂದ ಕೂಗಿದ್ದು ಇಷ್ಟು: "ಅಕ್ಕೋರೆ, ಪಟ್ಟಿ ಹದಿನಾಲ್ಕು!" ಅಂದರೆ 7 ಸೆಂ.ಮೀ. ಗಜನಿಯ ಆ ಕೊನೆಯವರೆಗೂ ಆ ಪಟ್ಟಿ ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ.